ಯಾರ್ಕ್‌ನ ಪಬ್‌ಗಳಿಗೆ ಹೋಗುವ ಸಸ್ಯಾಹಾರಿಗಳೇ, ಚಿಪ್ಸ್ ತಿನ್ನುವ ಮೊದಲು ಕೇಳಿ

ಇಂಗ್ಲೆಂಡಿನ ಯಾರ್ಕ್ ಕಡೆಗೆ ಓದಲು, ಕೆಲಸಕ್ಕೆ ಅಂತ ಬರುವ ಸಸ್ಯಾಹಾರಿಗಳು ದಯವಿಟ್ಟು ಇದನ್ನು ಓದಿ. ನಮಗೆ ಯಾರೂ ಹೇಳಿರಲಿಲ್ಲ.

ನಾನು, ನನ್ನ ರೂಮ್‌ಮೇಟ್ ಇಬ್ಬರೂ ಪ್ರತಿ ಶನಿವಾರ ಊರಿನ ಒಂದೊಂದು ಹಳೇ ಪಬ್‌ಗೆ ಹೋಗಿ ಅಂಕ ಕೊಡುತ್ತಿದ್ದೆವು. ಬಿಯರ್‌ಗೆ ಐದಕ್ಕೆ ಎಷ್ಟು, ಜಾಗಕ್ಕೆ ಎಷ್ಟು, ಕೌಂಟರಿನವರ ಮಾತಿಗೆ ಎಷ್ಟು, ಎಲ್ಲ ನೋಟ್‌ಬುಕ್‌ನಲ್ಲಿ. ಫಾಸ್‌ಗೇಟ್ ಬೀದಿಯ ಬ್ಲೂ ಬೆಲ್‌ನ ಜಾಗಕ್ಕೆ ಐದಕ್ಕೆ ಐದು. 1903ರಲ್ಲಿ ಮಾಡಿಸಿದ ಮರದ ಗೋಡೆಗಳು ಹಾಗೇ ಇವೆ. ಎಷ್ಟು ಚಿಕ್ಕದು ಅಂದರೆ, ಪಕ್ಕದವರ ಮೊಣಕೈ ತಾಗದೆ ಕೂರೋಕಾಗಲ್ಲ.

ಗೆಳೆಯ ಹಾಸನದ ಕಡೆಯವನು. ಬಿಯರ್ ಕುಡಿಯುತ್ತಾನೆ, ಆದರೆ ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟುವುದಿಲ್ಲ. ಎಲ್ಲಿಗೆ ಹೋದರೂ ಒಂದು ಪೈಂಟ್ ಬಿಯರ್, ಒಂದು ತಟ್ಟೆ ಚಿಪ್ಸ್. ಇಲ್ಲಿ ಚಿಪ್ಸ್ ಅಂದರೆ ದಪ್ಪಗೆ ಹೆಚ್ಚಿ ಕರಿದ ಬಿಸಿ ಆಲೂಗಡ್ಡೆ. ಆಲೂಗಡ್ಡೆ ತಾನೇ, ತಿನ್ನು ಅಂತ ನಾನೇ ಧೈರ್ಯ ಹೇಳುತ್ತಿದ್ದೆ.

ಆರನೇ ಪಬ್ಬಿನ ಹೆಸರು ಬೇಡ. ಅವತ್ತು ಹುಷಾರಾಗಿಯೇ ಇದ್ದೆವು. ಯಾವ ತಿನಿಸಿನಲ್ಲಿ ಅಲರ್ಜಿ ತರುವ ಪದಾರ್ಥ ಇದೆ ಅಂತ ತೋರಿಸುವ ಅಲರ್ಜಿ ಪಟ್ಟಿ ಕೇಳಿ ನೋಡಿದೆವು, ಚಿಪ್ಸ್ ಮುಂದೆ ಒಂದು ಗುರುತೂ ಇರಲಿಲ್ಲ. ಕೌಂಟರಿನ ಹುಡುಗ ಮಾಂಸ ಇಲ್ಲ ಅಂದ. ತಟ್ಟೆ ಅರ್ಧ ಖಾಲಿಯಾಗಿತ್ತು. ಪಕ್ಕದ ಮೇಜಿನ ಅಜ್ಜ ಖುಷಿಯಿಂದ ನಮ್ಮ ಕಡೆ ತಿರುಗಿ, ಇಲ್ಲಿ ಇನ್ನೂ ದನದ ಕೊಬ್ಬಿನಲ್ಲೇ ಕರಿಯುತ್ತಾರೆ, ಅದಕ್ಕೇ ಈ ರುಚಿ ಅಂದರು.

ಗೆಳೆಯ ಮಾತಾಡದೆ ಎದ್ದು ಹೊರಗೆ ಹೋದ. ರಾತ್ರಿ ಊಟವನ್ನೂ ಮಾಡಲಿಲ್ಲ. "ಅಮ್ಮ ಫೋನ್ ಮಾಡಿದ್ರೆ ಏನಂತ ಹೇಳ್ಲಿ ಕಣೋ" ಅಂದ. ನನಗೆ ಉತ್ತರ ಹೊಳೆಯಲಿಲ್ಲ.

ಯಾರ್ಕ್‌ಷೈರ್‌ನಲ್ಲಿ ಇದು ಹಳೇ ರೂಢಿ. ಆ ಕೊಬ್ಬಿಗೆ ಬೀಫ್ ಡ್ರಿಪ್ಪಿಂಗ್ ಅನ್ನುತ್ತಾರೆ. ಇಲ್ಲಿನ ಕಾನೂನಿನ ಅಲರ್ಜಿ ಪಟ್ಟಿಯಲ್ಲಿ ಇರುವುದು 14 ಪದಾರ್ಥ. ದನದ ಮಾಂಸ ಅದರಲ್ಲಿಲ್ಲ. ಹುಡುಗ ಸುಳ್ಳು ಹೇಳಲಿಲ್ಲ, ನಾವು ಕೇಳಿದ ಪ್ರಶ್ನೆಯೇ ಸಾಲಲಿಲ್ಲ.

ಮಾರನೇ ದಿನ ಹುಡುಕುತ್ತಾ ಕೂತಾಗ ಇನ್ನೊಂದು ವಿಷಯ ಸಿಕ್ಕಿತು. ಹ್ಯಾಂಡ್‌ಪಂಪ್‌ನಿಂದ ಎಳೆದು ಕೊಡುವ ಕಾಸ್ಕ್ ಬಿಯರ್ ಪೀಪಾಯಿಯೊಳಗೆ ಇನ್ನೂ ಹುದುಗುತ್ತಲೇ ಇರುತ್ತದೆ. ಅದರ ಯೀಸ್ಟ್ ತಳಕ್ಕಿಳಿದು ಬಿಯರ್ ತಿಳಿಯಾಗಲಿ ಅಂತ ಐಸಿಂಗ್ಲಾಸ್ ಹಾಕುವುದುಂಟು. ಅದನ್ನು ತೆಗೆಯುವುದು ಮೀನಿನ ಗಾಳಿಚೀಲದಿಂದ! ಆ 14ರಲ್ಲಿ ಮೀನು ಇದೆ, ಆದರೆ ಬಿಯರ್ ತಿಳಿಗೊಳಿಸಲು ಬಳಸುವ ಐಸಿಂಗ್ಲಾಸ್‌ಗೆ ವಿನಾಯಿತಿ ಇದೆ. ಹಾಗಾಗಿ ಪಟ್ಟಿ ನೋಡಿದರೂ ಗೊತ್ತಾಗುವುದಿಲ್ಲ. ಇದನ್ನು ಗೆಳೆಯನಿಗೆ ಹೇಳಬೇಕೋ ಬೇಡವೋ ಅಂತ ಎರಡು ದಿನ ಒದ್ದಾಡಿದೆ. ಮುಚ್ಚಿಡುವುದು ತಪ್ಪು ಅನ್ನಿಸಿತು, ಹೇಳಿದೆ.

ನೀವು ಹೋದಾಗ "ಮಾಂಸ ಇದೆಯಾ" ಅಂತ ಮಾತ್ರ ಕೇಳಿ ಸುಮ್ಮನಾಗಬೇಡಿ. ಯಾವ ಎಣ್ಣೆಯಲ್ಲಿ ಕರಿಯುತ್ತೀರಿ, ಅದರಲ್ಲೇ ಮೀನೂ ಕರಿಯುತ್ತೀರಾ ಅಂತ ಕೇಳಿ. ಕೌಂಟರಿನವರಿಗೆ ಗೊತ್ತಿಲ್ಲದಿದ್ದರೆ ಅಡುಗೆಮನೆಯಲ್ಲಿ ವಿಚಾರಿಸಿ ಬರಲು ಹೇಳಿ, ಸಂಕೋಚ ಬೇಡ. ಬಿಯರ್‌ನಲ್ಲಿ ವೀಗನ್, ಅಂದರೆ ಪ್ರಾಣಿಯಿಂದ ಬಂದದ್ದೇನೂ ಬಳಸದ್ದು, ಯಾವುದಿದೆ ಅಂತಲೇ ಕೇಳಿ. ಐಸಿಂಗ್ಲಾಸ್ ಹಾಕದ ಕಾಸ್ಕ್ ಬಿಯರ್ ಸ್ವಲ್ಪ ಮಬ್ಬಾಗಿರಬಹುದು, ಕೆಟ್ಟಿದೆ ಅಂದುಕೊಳ್ಳಬೇಡಿ. ಗಿನ್ನೆಸ್ ಬಿಯರ್‌ನವರೂ ಮೊದಲು ಐಸಿಂಗ್ಲಾಸ್ ಬಳಸುತ್ತಿದ್ದರು, ಈಗ ಬಿಟ್ಟಿದ್ದಾರೆ.

ಗೆಳೆಯ ಈ ಶನಿವಾರ ಮತ್ತೆ ಬರುತ್ತೇನೆ ಅಂದಿದ್ದಾನೆ. ನೋಟ್‌ಬುಕ್‌ನಲ್ಲಿ ಅವನೇ ಒಂದು ಹೊಸ ಗೆರೆ ಎಳೆದು, ಮೇಲೆ "ಬಾಣಲೆ" ಅಂತ ಬರೆದಿದ್ದಾನೆ. ಮೊದಲ ಐದು ಪಬ್‌ಗಳ ಮುಂದೆ ಆ ಜಾಗ ಖಾಲಿ ಇದೆ. ಮತ್ತೆ ಹೋಗಿ ಕೇಳಬೇಕು.