ಮಂಡಿ ಕೆಳಗಿನ ಮೂಳೆ ಮುರಿದರೆ ರಾಡಾ, ಪ್ಲೇಟಾ?

ಮುರಿತ ಮೂಳೆಯ ನಡುಭಾಗದಲ್ಲಿದ್ದರೆ ನನ್ನ ಒಲವು ರಾಡ್ ಕಡೆಗೆ. ಮುರಿದ ಜಾಗವನ್ನು ಸಾಮಾನ್ಯವಾಗಿ ಬಿಚ್ಚಬೇಕಿಲ್ಲ. ಮಂಡಿಚಿಪ್ಪಿನ ಹತ್ತಿರ ಸಣ್ಣದಾಗಿ ಕೊಯ್ದು, ಎಕ್ಸ್‌ರೇ ಪರದೆ ನೋಡುತ್ತಾ, ಮಜ್ಜೆಯ ಕೊಳವೆಯೊಳಗೆ ಲೋಹದ ಕಡ್ಡಿ ಇಳಿಸುತ್ತಾರೆ. ಅದು ತಿರುಗದಂತೆ ಮೇಲೆ, ಕೆಳಗೆ ಅಡ್ಡ ಸ್ಕ್ರೂ ಹಾಕುತ್ತಾರೆ. ಕಡ್ಡಿ ಮೂಳೆಯ ನಡುವೆಯೇ ಇರುವುದರಿಂದ ಭಾರ ಹೊರುತ್ತದೆ, ಕಾಲೂರಿ ನಡೆಯಲು ಬೇಗ ಬಿಡುತ್ತಾರೆ.

ಹಾಗಂತ ತೊಂದರೆ ಇಲ್ಲವೇ ಇಲ್ಲ ಅಂತಲ್ಲ. ಜಾಸ್ತಿ ಕೇಳಿಬರುವ ದೂರು ಮಂಡಿನೋವು. ಮೂಳೆ ಚೆನ್ನಾಗಿ ಕೂಡಿರುತ್ತದೆ, ಆದರೆ ಮಂಡಿಯೂರಿ ಕೂತರೆ ಚುಚ್ಚಿದಂತಾಗುತ್ತದೆ. ಕೆಲವರಿಗೆ ಸ್ಕ್ರೂ ತಲೆ ಚರ್ಮದಡಿ ಕೈಗೇ ಸಿಗುತ್ತದೆ! ಮೂಳೆ ಕೂಡುವುದು ತಡವಾದರೆ ಸ್ಕ್ರೂ ಮುರಿಯಬಹುದು. ಪಾದ ತುಸು ತಿರುಚಿಕೊಂಡೇ ಮೂಳೆ ಕೂಡುವುದೂ ಉಂಟು. ಮಜ್ಜೆಯ ಕೊಬ್ಬು ರಕ್ತದಲ್ಲಿ ಸೇರಿ ಉಸಿರಾಟ ಕೆಡಿಸುವುದು ಅಪರೂಪ, ಆದರೆ ಗಂಭೀರ.

ಮುರಿತ ಕೀಲಿಗೆ ಅಂಟಿಕೊಂಡಿದ್ದರೆ ಲೆಕ್ಕ ಬೇರೆ. ಅಲ್ಲಿ ಕೊಳವೆ ಅಗಲ, ರಾಡ್‌ಗೆ ಹಿಡಿತ ಕಡಿಮೆ. ಪ್ಲೇಟ್, ಅಂದರೆ ಮೂಳೆಯ ಮೇಲೆ ಸ್ಕ್ರೂ ಹಾಕಿ ಕೂರಿಸುವ ಲೋಹದ ಪಟ್ಟಿ ಆದರೆ ತುಣುಕುಗಳನ್ನು ನೇರವಾಗಿ ಜೋಡಿಸಬಹುದು. ಆದರೆ ಅಲ್ಲಿ ಚರ್ಮ ತೆಳು ಅಲ್ವಾ, ಗಾಯ ಮಾಯದೆ ಕೀವಾಗುವ ಭಯ ಜಾಸ್ತಿ. ಭಾರ ಹಾಕಲೂ ಹೆಚ್ಚು ದಿನ ಕಾಯಬೇಕು.

ಯಾವುದೇ ಹಾಕಿಸಿಕೊಂಡಿರಿ, ಮೀನಖಂಡ ಬಿಗಿದುಕೊಂಡು, ಕಾಲ್ಬೆರಳು ಎಳೆದರೆ ತಡೆಯಲಾರದ ನೋವು ಬಂದರೆ ಬೆಳಗಾಗಲಿ ಅಂತ ಸುಮ್ನೆ ಕಾಯಬೇಡಿ. ಆ ಕ್ಷಣವೇ ವೈದ್ಯರನ್ನು ಕರೆಸಿ.