ಗುಂಯ್ ಸದ್ದು ನಿಲ್ಲಿಸಲು ಆಂಪ್ಲಿಫೈಯರಿನ ಅರ್ಥ್ ತಂತಿ ಕತ್ತರಿಸಲು ಬಿಡಬೇಡಿ

ರೆಕಾರ್ಡ್ ಪ್ಲೇಯರ್ ಹಾಕಿದಾಗ ಸ್ಪೀಕರಿನಿಂದ ಬರುವ ಗುಂಯ್ ಸದ್ದನ್ನು ನಿಲ್ಲಿಸಿ ಕೊಡುತ್ತೇನೆಂದವರು ಆಂಪ್ಲಿಫೈಯರಿನ ತ್ರೀ ಪಿನ್ ಪ್ಲಗ್ಗಿಗೆ ಕೈಹಾಕಿದರೆ, ದಯವಿಟ್ಟು ಅಲ್ಲಿಯೇ ತಡೆಯಿರಿ. ಪ್ಲಗ್ಗಿನೊಳಗಿನ ಹಸಿರು ತಂತಿಯನ್ನು, ಎಂದರೆ ಅರ್ಥ್ ತಂತಿಯನ್ನು, ಕತ್ತರಿಸಿದರೆ ಎಷ್ಟೋ ಸಲ ಸದ್ದು ನಿಜವಾಗಿಯೂ ನಿಲ್ಲುತ್ತದೆ. ಸದ್ದು ನಿಂತಿತಲ್ಲ, ಕೆಲಸ ಸರಿಯಾಗಿದೆ ಎಂದು ಮನೆಯವರೆಲ್ಲ ನಂಬುವುದರಿಂದಲೇ ಈ ಉಪಾಯ ಇಷ್ಟು ಅಪಾಯಕಾರಿಯಾಗಿದೆ. ನಮ್ಮ ಮನೆಯಲ್ಲಿ ಇದೇ ಕಾರಣಕ್ಕೆ ನಮ್ಮ ಮಾವನವರ ಪ್ರಾಣಕ್ಕೆ ಸಂಚಕಾರ ಬಂದಿತ್ತು.

ಮಾವನವರ ಬಳಿ ಹಿಂದೂಸ್ತಾನಿ ಗಾಯನದ ಲಾಂಗ್ ಪ್ಲೇ ತಟ್ಟೆಗಳ ಸಂಗ್ರಹವೂ, ಲೋಹದ ಪೆಟ್ಟಿಗೆಯ ಒಂದು ಹಳೆಯ ಆಂಪ್ಲಿಫೈಯರೂ ಇವೆ. ಟಿ.ವಿ.ಯ ಧ್ವನಿಯೂ ಅದರಲ್ಲಿಯೇ ಕೇಳಿಸಲೆಂದು ಸೆಟ್‌ಟಾಪ್ ಬಾಕ್ಸನ್ನು ಅದಕ್ಕೆ ಜೋಡಿಸಿದ ಮೇಲೆ ಗುಂಯ್ ಸದ್ದು ಶುರುವಾಯಿತು. ಸಿನಿಮಾ ಹಾಡಿನ ವಾದ್ಯಮೇಳದ ನಡುವೆ ಅದು ಅಷ್ಟಾಗಿ ಕೇಳುತ್ತಿರಲಿಲ್ಲ. ಆದರೆ ವಿಲಂಬಿತ್‌ನಲ್ಲಿ ಗಾಯಕರು ಸ್ವರ ಬಿಟ್ಟು ಉಸಿರೆಳೆದುಕೊಳ್ಳುವ ಹೊತ್ತಿನಲ್ಲಿ, ಬರಿಯ ತಂಬೂರಿ ಮಾತ್ರ ಉಳಿದಾಗ, ಅದರ ಪಕ್ಕದಲ್ಲಿ ಇನ್ನೊಂದು ಶ್ರುತಿ ನಿಂತಂತೆ ಕೇಳುತ್ತಿತ್ತು. ನಮ್ಮ ಮನೆಗಳ ವಿದ್ಯುತ್ತು 50 ಹರ್ಟ್ಸಿನದಾದ್ದರಿಂದ ಈ ಸದ್ದು 50 ಹರ್ಟ್ಸಿನಲ್ಲಿ ಇಲ್ಲವೇ ಅದರ ದುಪ್ಪಟ್ಟಾದ 100 ಹರ್ಟ್ಸಿನಲ್ಲಿ ಇರುತ್ತದೆ. ಗಾಯಕರು ಹಿಡಿದ ಷಡ್ಜಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲದಿರುವುದರಿಂದ, ಶ್ರುತಿಯ ಕಿವಿಯಿರುವವರಿಗೆ ಇದು ನಿಜಕ್ಕೂ ಹಿಂಸೆ.

ಪೇಟೆಯ ರಿಪೇರಿ ಅಂಗಡಿಯೊಂದಕ್ಕೆ ಆಂಪ್ಲಿಫೈಯರನ್ನು ಕೊಟ್ಟೆವು. ಪ್ಲಗ್ ಹಳೆಯದಾಗಿತ್ತು, ಹೊಸದು ಹಾಕಿದ್ದೇವೆ, ಸದ್ದು ಹೋಗಿದೆ ಎಂದು ಹೇಳಿ ಅವರು ಹಿಂದಿರುಗಿಸಿದರು. ಸದ್ದು ಹೋಗಿದ್ದೂ ನಿಜ. ಪ್ಲಗ್ಗಿನಲ್ಲಿ ಮೂರು ಪಿನ್ನುಗಳೂ ಇದ್ದವು. ಮೇಲಿನ ದಪ್ಪ ಪಿನ್ನಿಗೆ ಒಳಗಡೆ ತಂತಿಯೇ ಇಲ್ಲವೆಂಬುದು ಹೊರಗಿನಿಂದ ನೋಡಿದ ಯಾರಿಗೂ ತಿಳಿಯುವಂತಿರಲಿಲ್ಲ. ಕೆಲವು ತಿಂಗಳು ಕಳೆದ ಮೇಲೆ, ಆಗಷ್ಟೇ ಒರೆಸಿದ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ತಟ್ಟೆ ಬದಲಿಸಲೆಂದು ಮಾವನವರು ಮುಳ್ಳನ್ನು ಹೊತ್ತ ಲೋಹದ ಕೋಲಾದ ಟೋನ್‌ಆರ್ಮನ್ನು ಹಿಡಿದಾಗ ಅವರಿಗೆ ಕರೆಂಟು ಹೊಡೆಯಿತು. ಕೈ ತಾನಾಗಿ ಹಿಂದಕ್ಕೆ ಕಿತ್ತುಕೊಂಡದ್ದರಿಂದ ಬದುಕಿದರು. ಬೆರಳುಗಳು ಮುಷ್ಟಿ ಕಟ್ಟಿ ಆ ಲೋಹವನ್ನೇ ಹಿಡಿದುಕೊಂಡಿದ್ದರೆ ಏನಾಗುತ್ತಿತ್ತೋ ಊಹಿಸಲೂ ಮನಸ್ಸಾಗುವುದಿಲ್ಲ. ಆಮೇಲೆ ಬಂದ ಎಲೆಕ್ಟ್ರಿಷಿಯನ್ನರು ಪ್ಲಗ್ ಬಿಚ್ಚಿ ತೋರಿಸಿದರು: ಹಸಿರು ತಂತಿಯನ್ನು ಬುಡಕ್ಕೆ ಕತ್ತರಿಸಿ, ಕಪ್ಪು ಟೇಪು ಸುತ್ತಿ ಒಳಕ್ಕೆ ಮಡಚಿ ಇಡಲಾಗಿತ್ತು. ಆಂಪ್ಲಿಫೈಯರಿನೊಳಗೆ ಟ್ರಾನ್ಸ್‌ಫಾರ್ಮರಿಗೆ ಹೋಗುವ ಫೇಸ್ ತಂತಿಯ ಹೊದಿಕೆ ಒಣಗಿ ಬಿರುಕು ಬಿಟ್ಟು, ತಾಮ್ರವು ಲೋಹದ ಪೆಟ್ಟಿಗೆಯನ್ನು ಮುಟ್ಟುತ್ತಿತ್ತು.

ಆಂಪ್ಲಿಫೈಯರ್ ಕೆಟ್ಟರೆ ಟೋನ್‌ಆರ್ಮಿನಲ್ಲಿ ಕರೆಂಟು ಹೇಗೆ ಬಂತು ಎಂಬುದನ್ನು ತಟ್ಟೆ ಕೇಳುವ ಪ್ರತಿಯೊಬ್ಬರೂ ತಿಳಿದಿರಬೇಕು. ರೆಕಾರ್ಡ್ ಪ್ಲೇಯರಿನಿಂದ, ಎಂದರೆ ಟರ್ನ್‌ಟೇಬಲ್ಲಿನಿಂದ, ಎರಡು ಸಿಗ್ನಲ್ ಕೇಬಲ್ಲುಗಳ ಜೊತೆಗೆ ಒಂದು ತೆಳ್ಳಗಿನ ತಂತಿ ಹೊರಟು ಆಂಪ್ಲಿಫೈಯರಿನ ಹಿಂಬದಿಯ ಗ್ರೌಂಡ್ ಸ್ಕ್ರೂವಿಗೆ ಸೇರುತ್ತದೆ. ಅದರ ಇನ್ನೊಂದು ತುದಿ ಇರುವುದು ಟೋನ್‌ಆರ್ಮಿನ ಲೋಹದಲ್ಲಿ. ಹೀಗಾಗಿ ಪೆಟ್ಟಿಗೆಗೆ 230 ವೋಲ್ಟ್ ಬಂದರೆ ನಾವು ಪ್ರತಿ ತಟ್ಟೆಗೂ ಬೆರಳಿನಿಂದ ಎತ್ತಿ ಇಳಿಸುವ ಆ ಕೋಲಿಗೂ 230 ವೋಲ್ಟ್ ಬರುತ್ತದೆ. ಗೋಡೆಯ ಸಾಕೆಟ್ಟಿಗೆ ಹೋಗುವ ಅರ್ಥ್ ತಂತಿ ಸರಿಯಾಗಿದ್ದಿದ್ದರೆ, ಫೇಸ್ ಪೆಟ್ಟಿಗೆಯನ್ನು ಮುಟ್ಟಿದ ಕ್ಷಣವೇ ಭಾರಿ ಕರೆಂಟು ಹರಿದು ಫ್ಯೂಸು ಸುಡುತ್ತಿತ್ತು, ಇಲ್ಲವೇ ಮಿತಿಮೀರಿದ ಕರೆಂಟನ್ನು ತಾನಾಗಿ ಕಡಿಯುವ ಎಂಸಿಬಿ ಸ್ವಿಚ್ಚು ಬೀಳುತ್ತಿತ್ತು. ಮನೆಯಲ್ಲಿ ಕರೆಂಟು ಸೋರಿದರೆ ತಾನಾಗಿ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು ಇದೆ, ನಮಗೇನೂ ಭಯವಿಲ್ಲ ಎನ್ನುವವರಿಗೂ ಒಂದು ಮಾತು ಹೇಳಬೇಕು. ಅರ್ಥ್ ತಂತಿ ಇದ್ದಾಗ ಆರ್‌ಸಿಸಿಬಿಯು ದೋಷ ಹುಟ್ಟಿದ ಕೂಡಲೇ, ಯಾರೂ ಮುಟ್ಟುವ ಮೊದಲೇ ಬೀಳುತ್ತದೆ. ತಂತಿ ಇಲ್ಲದಾಗ ಅದು ಬೀಳಬೇಕಾದರೆ ಮೊದಲು ಮನುಷ್ಯರ ಮೈಯ ಮೂಲಕವೇ ಕರೆಂಟು ಹರಿಯಬೇಕು.

ನಮ್ಮ ಸದ್ದಿನ ನಿಜವಾದ ಕಾರಣ ಪ್ಲಗ್ಗಿನಲ್ಲಿ ಇರಲೇ ಇಲ್ಲ. ಸೆಟ್‌ಟಾಪ್ ಬಾಕ್ಸಿಗೆ ಹೊರಗಿನಿಂದ ಬರುವ ಕೇಬಲ್ಲಿನ ಹೊರಕವಚ ಬೇರೆಲ್ಲೋ ಭೂಮಿಗೆ ಸೇರಿತ್ತು, ಆಂಪ್ಲಿಫೈಯರು ಮನೆಯ ಅರ್ಥ್ ಮೂಲಕ ಇನ್ನೊಂದೆಡೆ ಸೇರಿತ್ತು, ಈ ಎರಡರ ನಡುವಿನ ಅಲ್ಪ ವೋಲ್ಟೇಜು ಸಿಗ್ನಲ್ ಕೇಬಲ್ಲಿನ ಮೂಲಕ ಸುತ್ತು ಹೊಡೆಯುತ್ತಿತ್ತು. ಇದನ್ನೇ ಗ್ರೌಂಡ್ ಲೂಪ್ ಎನ್ನುತ್ತಾರೆ. ಅರ್ಥ್ ಕತ್ತರಿಸಿದರೆ ಆ ಸುತ್ತು ತುಂಡಾಗುವುದರಿಂದ ಸದ್ದು ನಿಲ್ಲುತ್ತದೆ, ಟಿ.ವಿ. ಕೇಬಲ್ಲನ್ನು ಕಿತ್ತರೂ ಅಷ್ಟೇ ಚೆನ್ನಾಗಿ ನಿಲ್ಲುತ್ತದೆ. ಟಿ.ವಿ. ಮತ್ತು ಆಂಪ್ಲಿಫೈಯರಿನ ನಡುವೆ ಎರಡು ಕಡೆಯ ತಂತಿಗಳು ನೇರವಾಗಿ ಸೇರದಂತೆ ಧ್ವನಿಯನ್ನು ಮಾತ್ರ ದಾಟಿಸುವ ಒಂದು ಆಡಿಯೊ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿದ ಮೇಲೆ, ಹಸಿರು ತಂತಿ ತನ್ನ ಜಾಗಕ್ಕೆ ಮರಳಿದ ನಂತರವೂ, ನಮ್ಮ ಮನೆಯಲ್ಲಿ ಸದ್ದಿಲ್ಲ. ಆಂಪ್ಲಿಫೈಯರ್ ಬಲ್ಲ ತಂತ್ರಜ್ಞರು ಬೇಕಾದರೆ ಒಳಗಿನ ಸಿಗ್ನಲ್ ಗ್ರೌಂಡ್ ಮತ್ತು ಪೆಟ್ಟಿಗೆಯ ನಡುವೆ ಸಣ್ಣ ರೆಸಿಸ್ಟರನ್ನು, ಸಾಮಾನ್ಯವಾಗಿ 10 ಓಮ್‌ನದು, ಇಟ್ಟು ಸುತ್ತನ್ನು ದುರ್ಬಲಗೊಳಿಸುತ್ತಾರೆ. ಅಲ್ಲಿಯೂ ಪೆಟ್ಟಿಗೆಗೆ ಮಾತ್ರ ಅರ್ಥ್ ನೇರವಾಗಿಯೇ ಉಳಿದಿರುತ್ತದೆ.

ತಟ್ಟೆ ಕೇಳುವಾಗ ಮಾತ್ರ ಈ ತೊಂದರೆ ಇಷ್ಟು ಕಾಡುವುದಕ್ಕೆ ಕಾರಣವಿದೆ. ಮುಳ್ಳಿನ ಕಂಪನವನ್ನು ವಿದ್ಯುತ್ತಾಗಿಸುವ ಪುಟ್ಟ ಭಾಗವೇ ಕಾರ್ಟ್ರಿಜ್. ಮೂವಿಂಗ್ ಮ್ಯಾಗ್ನೆಟ್ ಬಗೆಯ ಕಾರ್ಟ್ರಿಜ್ಜಿನಿಂದ ಹೊರಡುವ ಸಿಗ್ನಲ್ ಸುಮಾರು 5 ಮಿಲಿವೋಲ್ಟ್ ಮಾತ್ರ. ಮೂವಿಂಗ್ ಕಾಯಿಲ್ ಬಗೆಯದಾದರೆ ಅದರ ಹತ್ತನೆಯ ಒಂದು ಭಾಗ. ತಟ್ಟೆ ಕೊರೆಯುವಾಗ ಮಂದ್ರವನ್ನು ತಗ್ಗಿಸಿ, ನುಡಿಸುವಾಗ ಮತ್ತೆ ಎತ್ತುವುದು 1954ರಿಂದ ಬಂದ, ಅಮೆರಿಕದ ರೆಕಾರ್ಡ್ ಉದ್ಯಮ ಸಂಘದ ಆರ್‌ಐಎಎ ಕ್ರಮವಾದ್ದರಿಂದ, ಆಂಪ್ಲಿಫೈಯರಿನಲ್ಲಿ ತಟ್ಟೆಯ ಸಿಗ್ನಲ್ಲಿಗೆಂದೇ ಇರುವ ಫೋನೊ ಹಂತವು 1000 ಹರ್ಟ್ಸಿಗಿಂತ 50 ಹರ್ಟ್ಸನ್ನು ಸುಮಾರು 17 ಡೆಸಿಬೆಲ್ ಹೆಚ್ಚು, ಎಂದರೆ ಏಳು ಪಟ್ಟು, ಹಿಗ್ಗಿಸುತ್ತದೆ. ಬೇರೆ ಇನ್‌ಪುಟ್ಟಿನಲ್ಲಿ ಕಿವಿಗೇ ಬೀಳದ ಗುಂಯ್ ಸದ್ದು ಇಲ್ಲಿ ದೊಡ್ಡದಾಗುವುದು ಹೀಗೆ.

ಆದ್ದರಿಂದ ಅಂಗಡಿಗೆ ಒಯ್ಯುವ ಮೊದಲು ಕಾರಣವನ್ನು ಮನೆಯಲ್ಲಿಯೇ ಹುಡುಕಿ. ಪ್ರತಿ ಸಲ ಕೇಬಲ್ ಕೀಳುವಾಗಲೂ ಹಾಕುವಾಗಲೂ ಆಂಪ್ಲಿಫೈಯರನ್ನು ಆರಿಸಿರಿ. ಫೋನೊದಿಂದ ಬೇರೆ ಇನ್‌ಪುಟ್ಟಿಗೆ ತಿರುಗಿಸಿದರೂ ಸದ್ದು ಹಾಗೆಯೇ ಇದ್ದರೆ ದೋಷ ಟರ್ನ್‌ಟೇಬಲ್ಲಿನಲ್ಲಿಲ್ಲ. ಹಳೆಯ ಆಂಪ್ಲಿಫೈಯರುಗಳಲ್ಲಿ ಪವರ್ ಸಪ್ಲೈಯ ಕೆಪಾಸಿಟರುಗಳು ಸೊರಗಿರುವುದುಂಟು. ಫೋನೊದಲ್ಲಿ ಮಾತ್ರ ಇದ್ದರೆ ಮೊದಲು ಆ ತೆಳ್ಳಗಿನ ಗ್ರೌಂಡ್ ತಂತಿಯ ಸ್ಕ್ರೂ ಸಡಿಲವಾಗಿದೆಯೇ, ಕಿಲುಬು ಹಿಡಿದಿದೆಯೇ ನೋಡಿ. ಒಂದೇ ಸ್ಪೀಕರಿನಲ್ಲಿ ಸದ್ದು ಬಂದರೆ ಕಾರ್ಟ್ರಿಜ್ಜಿನ ಹಿಂದಿನ ನಾಲ್ಕು ಪುಟ್ಟ ತಂತಿಗಳಲ್ಲಿ ಒಂದು ಬಿಟ್ಟಿರುವ ಸಂಭವ ಹೆಚ್ಚು: ಬಲಕ್ಕೆ ಕೆಂಪು ಮತ್ತು ಹಸಿರು, ಎಡಕ್ಕೆ ಬಿಳಿ ಮತ್ತು ನೀಲಿ. ಟೋನ್‌ಆರ್ಮನ್ನು ತಟ್ಟೆಯ ನಡುಭಾಗದತ್ತ ಒಯ್ದಂತೆ ಸದ್ದು ಏರಿಳಿದರೆ ಹತ್ತಿರದ ಟ್ರಾನ್ಸ್‌ಫಾರ್ಮರಿನದೋ ಮೋಟರಿನದೋ ಕಾಂತಕ್ಷೇತ್ರ ಕಾರ್ಟ್ರಿಜ್ಜನ್ನು ಮುಟ್ಟುತ್ತಿದೆ. ಟರ್ನ್‌ಟೇಬಲ್ಲನ್ನು ಆಂಪ್ಲಿಫೈಯರಿನ ಮೇಲೆ ಇಡದೆ ದೂರ ಸರಿಸಿ. ಮುಳ್ಳು ತಟ್ಟೆಯ ಮೇಲಿದ್ದಾಗ ಮಾತ್ರ ಬಂದು, ವಾಲ್ಯೂಮ್ ಏರಿಸಿದಷ್ಟೂ ಊಳಿಡುವಂತೆ ಬೆಳೆಯುವ ಸದ್ದು ವಿದ್ಯುತ್ತಿನದಲ್ಲ. ಸ್ಪೀಕರಿನ ಕಂಪನ ಮೇಜಿನ ಮೂಲಕ ಮುಳ್ಳಿಗೆ ಮರಳುತ್ತಿದೆ. ಇವೆಲ್ಲ ಸರಿಯಿದ್ದರೆ, ಆಂಪ್ಲಿಫೈಯರಿಗೆ ಜೋಡಿಸಿದ ಟಿ.ವಿ., ಕಂಪ್ಯೂಟರುಗಳನ್ನು ಒಂದೊಂದಾಗಿ ಬಿಡಿಸುತ್ತ ಬನ್ನಿ. ಯಾವುದನ್ನು ತೆಗೆದಾಗ ಸದ್ದು ನಿಲ್ಲುತ್ತದೆಯೋ ಲೂಪ್ ಇರುವುದು ಅಲ್ಲಿ.

ಸಾಕೆಟ್ಟಿನಲ್ಲಿ ಅರ್ಥ್ ಇಲ್ಲವೆಂದು ನ್ಯೂಟ್ರಲ್‌ನಿಂದಲೇ ಅರ್ಥ್ ಪಿನ್ನಿಗೆ ತುಂಡು ತಂತಿ ಹಾಕಿಕೊಡುವವರಿದ್ದಾರೆ. ಅದನ್ನೂ ಒಪ್ಪಬೇಡಿ, ನ್ಯೂಟ್ರಲ್ ಎಲ್ಲಾದರೂ ಕಡಿದುಹೋದರೆ ಯಂತ್ರದಲ್ಲಿ ಯಾವ ದೋಷವೂ ಇಲ್ಲದೆಯೇ ಅದರ ಪೆಟ್ಟಿಗೆಗೆ ಫೇಸ್ ಬರುತ್ತದೆ. ಹಳೆಯ ಮನೆಗಳಲ್ಲಿ ಇದ್ದಿಲು, ಉಪ್ಪು ತುಂಬಿ ಹೂಳಿದ ಅರ್ಥಿನ ಗುಂಡಿ ಬೇಸಿಗೆಯಲ್ಲಿ ಒಣಗಿ ನಿಷ್ಪ್ರಯೋಜಕವಾಗಿರುತ್ತದೆ. ಅದಕ್ಕೆ ಆಗಾಗ ನೀರು ಹಾಕಿ, ಎಲೆಕ್ಟ್ರಿಷಿಯನ್ನರಿಂದ ಅಳತೆ ಮಾಡಿಸಿ.

ಹಳೆಯ ಆಂಪ್ಲಿಫೈಯರನ್ನು ಕೊಂಡಾಗ, ರಿಪೇರಿಯಿಂದ ಬಂದಾಗ, ಸಾಕೆಟ್ಟಿಗೆ ಹಾಕುವ ಮೊದಲೇ ಮಲ್ಟಿಮೀಟರಿನ ಒಂದು ಮೊನೆಯನ್ನು ಪ್ಲಗ್ಗಿನ ದಪ್ಪ ಪಿನ್ನಿಗೂ ಇನ್ನೊಂದನ್ನು ಪೆಟ್ಟಿಗೆಯ ಬಣ್ಣವಿಲ್ಲದ ಸ್ಕ್ರೂವಿಗೂ ಹಿಡಿಯಿರಿ. ಒಂದು ಓಮ್‌ನ ಆಸುಪಾಸಿನಲ್ಲಿ ತೋರಿಸಿದರೆ ತಂತಿ ಇದೆ. ಏನೂ ತೋರಿಸದಿದ್ದರೆ ಪ್ಲಗ್ ಬಿಚ್ಚಿಸಿ ನೋಡದೆ ಅದನ್ನು ಹಚ್ಚಬೇಡಿ. ಒಂದರೊಳಗೊಂದು ಚೌಕದ ಗುರುತಿರುವ ಯಂತ್ರಗಳು ಎರಡು ಪದರದ ನಿರೋಧಕ ಇಟ್ಟು ಅರ್ಥ್ ಇಲ್ಲದೆಯೇ ತಯಾರಾದವು, ಅವುಗಳಿಗೆ ಈ ಪರೀಕ್ಷೆ ಅನ್ವಯಿಸುವುದಿಲ್ಲ. ನಿಯಾನ್ ಟೆಸ್ಟರನ್ನು ಇದಕ್ಕೆ ನೆಚ್ಚಬೇಡಿ: ಅದು ಅಲ್ಪ ಸೋರಿಕೆಗೂ ಉರಿಯುತ್ತದೆ, ಮತ್ತು ದೋಷವಿನ್ನೂ ಹುಟ್ಟದ ಯಂತ್ರದಲ್ಲಿ ಅರ್ಥ್ ತಂತಿ ಕತ್ತರಿಸಿದ್ದರೂ ಆ ಸಂಗತಿಯನ್ನು ತಿಳಿಸಲಾರದು.