ಪಿಎಸ್4 ಜೈಲ್‌ಬ್ರೇಕ್ ಮಾಡಿಸೋಕೆ ಹೊರಟಿದ್ದೀರಾ? ಮೊದಲು ನನ್ನ ಪಾಡು ಓದಿ

ನನ್ನ ಮನೆ ಮಂಡ್ಯದಲ್ಲಿ, ಕೆಲಸ ಮೈಸೂರಿನಲ್ಲಿ. ದಿನಾ ರೈಲಿನಲ್ಲಿ ಓಡಾಟ. 2019ರ ದೀಪಾವಳಿ ಬೋನಸ್‌ನಲ್ಲಿ ಸೋನಿ ಕಂಪನಿಯ ಗೇಮ್ ಆಡೋ ಮಷೀನ್, ಒಂದು ಪಿಎಸ್4 ಸ್ಲಿಮ್ ತಗೊಂಡೆ, 1 ಟಿಬಿಯದ್ದು. ಎರಡು ವರ್ಷ ಚೆನ್ನಾಗಿ ಆಡಿದೆ. ಆಮೇಲೆ ಮದುವೆ, ಮನೆ ಬದಲಾವಣೆ ಅಂತ ಅದು ಅಟ್ಟ ಸೇರಿತು. 2023ರಲ್ಲಿ ಕೆಳಗಿಳಿಸಿ ಧೂಳು ಒರೆಸಿ, ಹೊಸ ಗೇಮ್‌ಗಳ ಬೆಲೆ ನೋಡಿದೆ. ಒಂದೊಂದಕ್ಕೆ ನಾಲ್ಕು ಸಾವಿರ, ಐದು ಸಾವಿರ. ತಲೆ ತಿರುಗಿತು.

ಆಗ ಬಂದ ನೋಡಿ ನಮ್ಮ ಸೋದರತ್ತೆ ಮಗ. "ಸುಮ್ನೆ ಯಾಕ್ ಭಾವ ದುಡ್ಡು ಸುರೀತೀಯಾ? ಮೈಸೂರಲ್ಲಿ ಒಂದು ಅಂಗಡಿ ಐತೆ. ಮೂರು ಸಾವ್ರ ಕೊಟ್ರೆ ಇಪ್ಪತ್ತು ಗೇಮ್ ಹಾಕ್ಕೊಡ್ತಾರೆ" ಅಂದ. ಜೈಲ್‌ಬ್ರೇಕ್ ಅಂದರೆ ಇದೇ: ಮಷೀನ್‌ಗೆ ಕಂಪನಿ ಹಾಕಿರೋ ಬೀಗ ಒಡೆದು, ಕೊಳ್ಳದ ಗೇಮ್‌ಗಳನ್ನೂ ಓಡಿಸೋದು.

ಅಂಗಡಿಯ ಹೆಸರು ಬರೆಯಲ್ಲ, ಕಾರಣ ಮುಂದೆ ಗೊತ್ತಾಗುತ್ತೆ. ಪಿಎಸ್4 ಅನ್ನು ಟವೆಲ್‌ನಲ್ಲಿ ಸುತ್ತಿ, ಆಫೀಸ್ ಬ್ಯಾಗಿಗೆ ತುರುಕಿ, ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಅಂಗಡಿಯ ಹುಡುಗ ಟಿವಿಗೆ ಹಾಕಿ, ಸೆಟ್ಟಿಂಗ್ಸ್ ತೆರೆದು ಒಳಗಿನ ಸಾಫ್ಟ್‌ವೇರ್‌ನ ವರ್ಷನ್ ನೋಡಿದ. 9.00. "ಅಣ್ಣಾ, ಲಾಟರಿ ಹೊಡೆದಿದೀರಾ!" ಅಂತ ಕೂಗಿದ. ಅವನ ಖುಷಿಗೂ ಕಾರಣ ಇತ್ತು. 9.00 ಬಂದದ್ದು 2021ರ ಸೆಪ್ಟೆಂಬರ್‌ನಲ್ಲಿ. ಅದರಲ್ಲಿದ್ದ ಒಂದು ತೂತು, ಅಂದರೆ ಬೀಗ ತಪ್ಪಿಸಿ ಒಳನುಗ್ಗುವ ದಾರಿ, ಅದೇ ಡಿಸೆಂಬರ್‌ನಲ್ಲಿ ಜಗಜ್ಜಾಹೀರಾಯಿತು. 9.00 ಆದ ಮೇಲಿನ ಅಪ್‌ಡೇಟ್‌ನಲ್ಲಿ ಸೋನಿ ಅದನ್ನು ಮುಚ್ಚಿತ್ತು. ಅಟ್ಟದಲ್ಲಿ ಮಲಗಿದ್ದ ನನ್ನ ಮಷೀನ್‌ಗೆ ಆ ಅಪ್‌ಡೇಟ್ ಆಗಿರಲೇ ಇಲ್ಲ.

"ಇದು ಲೀಗಲ್ಲಾ?" ಅಂತ ಒಂದು ಮಾತು ಕೇಳಿದ್ದೆ. ಅವನು ಸ್ಕ್ರೂ ಡ್ರೈವರ್ ತಿರುಗಿಸುತ್ತಾ, "ಬಾಕ್ಸ್ ನಿಮ್ದೇ ತಾನೇ ಅಣ್ಣಾ? ದುಡ್ಡು ಕೊಟ್ಟು ತಗೊಂಡಿದೀರಾ. ಬಿಚ್ಚೋದು ಕಟ್ಟೋದು ನಿಮ್ಮಿಷ್ಟ" ಅಂದ. ಮಾತು ಸರಿಯಾಗೇ ಕೇಳಿಸಿತು. ನನ್ನ ಬೈಕಿಗೆ ನನಗೆ ಬೇಕಾದ್ದು ಹಾಕಿಸ್ತೀನಿ, ಇದೂ ಹಾಗೇ ಅಂದುಕೊಂಡೆ. ಬೈಕಿನ ಸೈಲೆನ್ಸರ್ ಬದಲಾಯಿಸಿದರೂ ಪೊಲೀಸರು ಹಿಡೀತಾರೆ ಅನ್ನೋದು ಆಗ ನೆನಪಾಗಲಿಲ್ಲ.

ಎರಡು ದಿನ ಬಿಟ್ಟು ಬನ್ನಿ ಅಂದರು. ಬಿಲ್ ಕೊಡಲಿಲ್ಲ. ಚೀಟಿಯಲ್ಲಿ "ಪಿಎಸ್4 ಸರ್ವಿಸ್, 3000" ಅಂತ ಗೀಚಿ ಕೊಟ್ಟರು. ನನ್ನ ಹೆಸರನ್ನೂ ಕೇಳಲಿಲ್ಲ. ವಾಪಸ್ ತಗೊಳ್ಳೋಕೆ ಹೋದರೆ ಇಪ್ಪತ್ತರ ಜಾಗದಲ್ಲಿ ಎಂಟೇ ಗೇಮ್. "ಜಾಗ ಸಾಲ್ಲಿಲ್ಲ ಅಣ್ಣಾ. ಫಾರ್ಮ್ಯಾಟ್ ಮಾಡಿದ್ವಿ, ನಿಮ್ಮ ಹಳೇದೆಲ್ಲಾ ಹೋಯ್ತು, ಅದು ಮಾಮೂಲಿ" ಅಂದ. ಆಗಲೇ ನನಗೆ ಬುದ್ಧಿ ಬರಬೇಕಿತ್ತು.

ಮನೆಗೆ ಬಂದ ಮೇಲೆ ಶುರುವಾಯಿತು. ಈ ಜೈಲ್‌ಬ್ರೇಕ್ ಒಂದು ಸಲ ಮಾಡಿದರೆ ಮುಗೀತು ಅಂತ ತಿಳಿದಿದ್ದೆ. ಹಾಗಲ್ಲ. ಮಷೀನ್ ಪೂರ್ತಿ ಆಫ್ ಆಗಿ ಆನ್ ಆದಾಗಲೆಲ್ಲಾ ಮತ್ತೆ ಮಾಡಬೇಕು. ಬ್ರೌಸರ್‌ನಲ್ಲಿ ಒಂದು ಪೇಜ್ ತೆರೀಬೇಕು. ಹೇಳಿದ ಗಳಿಗೆಗೆ ಸರಿಯಾಗಿ ಅವರು ಕೊಟ್ಟ ಪೆನ್‌ಡ್ರೈವ್ ಚುಚ್ಚಬೇಕು. ಅದು ಗುರುತಾಗಲಿಲ್ಲ ಅಂತ ಪರದೆ ಮೇಲೆ ಬಂದ ಮೇಲೆ ಕಿತ್ತುಕೊಳ್ಳಬೇಕು. ನಮ್ಮ ಬೀದಿಯಲ್ಲಿ ಬೇಸಿಗೆ ಸಂಜೆ ಕರೆಂಟ್ ಎಷ್ಟು ಸಲ ಹೋಗುತ್ತೆ ಅಂತ ಮಂಡ್ಯದವರಿಗೆ ನಾನು ಹೇಳಬೇಕಾಗಿಲ್ಲ. ಎಷ್ಟೋ ಸಲ ಅರ್ಧಕ್ಕೇ ಕೈಕೊಟ್ಟು ಮಷೀನ್ ದಪ್ ಅಂತ ಆಫ್. ಮತ್ತೆ ಆನ್ ಮಾಡಿದರೆ ಸ್ಟೋರೇಜ್ ಪರೀಕ್ಷೆ ಮಾಡ್ತೀನಿ ಅಂತ ಕೂತುಬಿಡೋದು. ಹೆಂಡತಿ ನೋಡಿ, "ಪೂಜೆ ಮುಗೀತಾ?" ಅಂತ ಕೇಳೋಳು.

ಇನ್ನೊಂದು ತಮಾಷೆ. ನಾನು ಹಿಂದೆ ದುಡ್ಡು ಕೊಟ್ಟು ಆನ್‌ಲೈನ್‌ನಲ್ಲಿ ಕೊಂಡ ಏಳು ಗೇಮ್ ಇದ್ದವು. ಫಾರ್ಮ್ಯಾಟ್‌ನಲ್ಲಿ ಅವೂ ಅಳಿಸಿ ಹೋಗಿದ್ದವು. ಮತ್ತೆ ಇಳಿಸಿಕೊಳ್ಳೋಣ ಅಂದರೆ ಸೋನಿಯ ಆನ್‌ಲೈನ್ ಸೇವೆಯಾದ ಪ್ಲೇಸ್ಟೇಷನ್ ನೆಟ್‌ವರ್ಕ್‌ಗೆ ಹೋಗಬೇಕು. ಅಲ್ಲಿಗೆ ಹೋಗಲು ಹೊಸ ಅಪ್‌ಡೇಟ್ ಬೇಕು. ಅಪ್‌ಡೇಟ್ ಮಾಡಿದರೆ ಜೈಲ್‌ಬ್ರೇಕ್ ಹೋಗುತ್ತೆ, ಹಾಕಿಸಿದ ಗೇಮ್‌ಗಳಿಗೆಲ್ಲಾ ಬೀಗ ಬೀಳುತ್ತೆ. ಅಂದರೆ ಕದ್ದ ಗೇಮ್ ಆಡೋಕೆ ಕೊಂಡ ಗೇಮ್ ಬಿಡಬೇಕು. ಆಮೇಲೆ ಅದಕ್ಕೂ ಮೂರು ಸಾವಿರ ಬೇರೆ.

ಮೂರನೇ ತಿಂಗಳು ಮಷೀನ್ ಎದ್ದೇಳಲೇ ಇಲ್ಲ. ರಿಪೇರಿಗೆ ಅಂತ ಇರೋ ಸೇಫ್ ಮೋಡ್‌ಗೆ ಹೋಗಿ ನಿಲ್ಲೋದು, ಡಿಸ್ಕ್ ಸಿಗುತ್ತಿಲ್ಲ ಅನ್ನೋದು. ಪಿಎಸ್4ನಲ್ಲಿ ಹಾರ್ಡ್ ಡಿಸ್ಕ್ ಬದಲಾಯಿಸಲು ಸೋನಿಯೇ ಅವಕಾಶ ಕೊಟ್ಟಿದೆ. ಸ್ಲಿಮ್‌ನಲ್ಲಿ ಹಿಂದಿನ ಮೂಲೆಯ ಸಣ್ಣ ಮುಚ್ಚಳ ಎಳೆದರೆ ಒಂದೇ ಒಂದು ದಪ್ಪ ಸ್ಕ್ರೂ. ಅದರ ತಲೆ ಮೇಲೆ ತ್ರಿಕೋನ, ಸೊನ್ನೆ, ಗುಣಿಸು, ಚೌಕ ಕೆತ್ತಿರುತ್ತೆ. ಬಿಚ್ಚಿ ಡಿಸ್ಕ್ ಹೊರಗೆಳೆದೆ. ಲೇಬಲ್ ಮೇಲೆ 500 ಜಿಬಿ. ತಯಾರಾದ ವರ್ಷ 2014. ನನ್ನದು 1 ಟಿಬಿ, ಅಂದರೆ ಅದರ ಎರಡರಷ್ಟು, ಕೊಂಡದ್ದು 2019ರಲ್ಲಿ. ಎಂಟೇ ಗೇಮ್‌ಗೆ ಜಾಗ ಯಾಕೆ ಸಾಲಲಿಲ್ಲ ಅಂತ ಅಲ್ಲೇ ಅರ್ಥವಾಯಿತು. ಯಾವುದೋ ಹಳೇ ಲ್ಯಾಪ್‌ಟಾಪ್‌ನ ಡಿಸ್ಕ್ ನನ್ನ ಪಿಎಸ್4 ಹೊಟ್ಟೆಯಲ್ಲಿ.

ಅಂಗಡಿಗೆ ಹೋದೆ. "ಬಂದಿದ್ದೇ ಹಂಗೆ ಅಣ್ಣಾ" ಅಂದರು. ಚೀಟಿ ತೋರಿಸಿದೆ. ನಕ್ಕರು.

ಗ್ರಾಹಕರ ಆಯೋಗಕ್ಕೆ ಹಾಕಿಬಿಡ್ತೀನಿ ಅಂತ ಸಿಟ್ಟಿನಲ್ಲಿ ನಮ್ಮ ಪಕ್ಕದ ಮನೆಯ ವಕೀಲರ ಹತ್ತಿರ ಹೋದೆ. ಅವರು ಪೂರ್ತಿ ಕೇಳಿಸಿಕೊಂಡು, "ಏನಂತ ಬರೀತೀಯಪ್ಪಾ? ಕದ್ದ ಗೇಮ್ ಸರಿಯಾಗಿ ಓಡ್ಲಿಲ್ಲ ಅಂತಾನಾ?" ಅಂದರು. ಕಾನೂನಿಗೆ ವಿರುದ್ಧವಾದ ಕೆಲಸಕ್ಕೆ ಮಾಡಿಕೊಂಡ ಒಪ್ಪಂದ 1872ರ ಕರಾರು ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಊರ್ಜಿತವೇ ಅಲ್ಲವಂತೆ. ಡಿಸ್ಕ್ ಬದಲಾಯಿಸಿದ್ದು ಮೋಸವೇ, ಆದರೆ ಸಾಬೀತು ಮಾಡೋಕೆ ನನ್ನ ಹತ್ತಿರ ಏನಿದೆ? ಅಂಗಡಿಯ ಹೆಸರು ಇಲ್ಲಿ ಬರೆದರೂ ಅದೇ ಕತೆ.

ಕಾಫಿ ಕುಡೀತಾ ಅವರು ಬಿಡಿಸಿ ಹೇಳಿದರು. "ಬಾಕ್ಸ್ ನಿಂದೇ ಕಣಪ್ಪಾ. ಬಣ್ಣ ಬಳ್ಕೋ, ಫ್ಯಾನ್ ಬದಲಾಯಿಸ್ಕೋ, ಯಾರೂ ಕೇಳಲ್ಲ. ಆದರೆ ಒಳಗಿರೋ ಸಾಫ್ಟ್‌ವೇರ್ ನಿನಗೆ ಮಾರಿಲ್ಲ, ಬಳಸೋಕೆ ಕೊಟ್ಟಿರೋದು." ನಮ್ಮ ಕಾಪಿರೈಟ್ ಕಾಯ್ದೆ 1957ರದ್ದು. ಈ ಡಿಜಿಟಲ್ ಬೀಗ ಒಡೆಯುವ ವಿಚಾರ ಬಂದದ್ದು 2012ರ ತಿದ್ದುಪಡಿಯಲ್ಲಿ, 65ಎ ಸೆಕ್ಷನ್ ಆಗಿ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಒಡೆದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಇಲ್ಲಿ ಉದ್ದೇಶ ಅನ್ನೋ ಮಾತೇ ಮುಖ್ಯ. ಕಾಯ್ದೆ ಬೇಡ ಅನ್ನದ ಕೆಲಸಕ್ಕಾಗಿ ಒಡೆದರೆ ಅದಕ್ಕೆ ವಿನಾಯಿತಿ ಇದೆ. ಆದರೆ ಅಂಥ ಕೆಲಸವನ್ನು ಇನ್ನೊಬ್ಬರಿಗೆ ಮಾಡಿಕೊಡುವವನು ಅವರ ಹೆಸರು, ವಿಳಾಸ, ಯಾಕೆ ಮಾಡಿಕೊಟ್ಟೆ ಅನ್ನೋದನ್ನೆಲ್ಲಾ ಬರೆದಿಡಬೇಕು. ನನ್ನ ಹೆಸರನ್ನೇ ಕೇಳದ ಹುಡುಗ ನೆನಪಾದ. ಕೊಂಡ ಪ್ರೋಗ್ರಾಮ್ ಹಾಳಾಗದಿರಲಿ ಅಂತ ಬ್ಯಾಕಪ್ ಇಟ್ಟುಕೊಳ್ಳಲು 52ನೇ ಸೆಕ್ಷನ್‌ನಲ್ಲಿ ಜಾಗ ಇದೆ. ಅಂಗಡಿಯವನು ತುಂಬಿಕೊಟ್ಟ ಎಂಟು ಗೇಮ್ ಯಾರ ಬ್ಯಾಕಪ್ಪೂ ಅಲ್ಲ.

"ನಾನು ಸುಮ್ನೆ ಆಡಿದೆ ಅಷ್ಟೇ ಅಲ್ವಾ ಸಾರ್?" ಅಂದೆ. ಅದಕ್ಕೆ 63ಬಿ ಇದೆಯಂತೆ. ಕಳ್ಳ ಪ್ರತಿ ಅಂತ ಗೊತ್ತಿದ್ದೂ ಕಂಪ್ಯೂಟರ್‌ನಲ್ಲಿ ಬಳಸಿದರೆ ಏಳು ದಿನದಿಂದ ಮೂರು ವರ್ಷ ಜೈಲು, 50,000ದಿಂದ 2 ಲಕ್ಷ ದಂಡ. ಲಾಭಕ್ಕಲ್ಲ ಅಂತಾದರೆ ಕೋರ್ಟ್ ಜೈಲು ಬಿಟ್ಟು 50,000ದವರೆಗಿನ ದಂಡಕ್ಕೆ ಮುಗಿಸಬಹುದು. ಪಿಎಸ್4 ಕಂಪ್ಯೂಟರ್ ಅಲ್ವಲ್ಲ ಅಂತ ಕೊನೆಯ ಆಸೆಯಿಂದ ಕೇಳಿದೆ. ಮಾಹಿತಿ ಸಂಸ್ಕರಿಸುವ ಯಾವ ಎಲೆಕ್ಟ್ರಾನಿಕ್ ಸಾಧನವೂ ಈ ಕಾಯ್ದೆಗೆ ಕಂಪ್ಯೂಟರೇ ಅಂದರು. ಸದ್ಯ ನನ್ನ ಮನೆ ಬಾಗಿಲಿಗೆ ಯಾರೂ ಬಂದಿಲ್ಲ. ಬರಲ್ಲ ಅಂತ ಮಾತ್ರ ನಾನು ಹೇಳಲ್ಲ.

ಅಮೆರಿಕದಲ್ಲಿ ಇದು ಇನ್ನೂ ಬಿಗಿ. ನಿಂಟೆಂಡೊ ಕಂಪನಿಯ ಗೇಮ್ ಮಷೀನ್ ಸ್ವಿಚ್‌ಗೆ ಬೀಗ ತಪ್ಪಿಸುವ ಮಾಡ್ ಚಿಪ್ ಮಾರುತ್ತಿದ್ದ ಗುಂಪಿನ ಗ್ಯಾರಿ ಬೌಸರ್ ಎಂಬಾತನಿಗೆ 2022ರಲ್ಲಿ 40 ತಿಂಗಳು ಜೈಲಾಯಿತು. ಅದೇ ನಿಂಟೆಂಡೊದ ಮಾರಿಯೋ ಆಟದ ಖಳನಾಯಕನ ಹೆಸರೂ ಬೌಸರ್. ಅದು ಬೇರೆ ಮಾತು ಬಿಡಿ.

ಸ್ವಿಚ್ ಅಂದಾಗ ನೆನಪಾಯಿತು. ನನಗೆ ದಾರಿ ತೋರಿಸಿದ ಅತ್ತೆ ಮಗ ಸೆಕೆಂಡ್ ಹ್ಯಾಂಡ್ ಸ್ವಿಚ್ ಒಂದು ತಂದ. ಹಿಂದಿನ ಯಜಮಾನ ಬೀಗ ಒಡೆಸಿ ಮಾಡ್ ಮಾಡಿಸಿದ್ದಕ್ಕೆ ನಿಂಟೆಂಡೊ ಅದನ್ನು ಬ್ಯಾನ್ ಮಾಡಿತ್ತು, ಅಂದರೆ ಆನ್‌ಲೈನ್ ಸೇವೆಯಿಂದ ಹೊರಹಾಕಿತ್ತು. ಯಜಮಾನ ಬದಲಾದರೂ ಬ್ಯಾನ್ ಮಷೀನ್ ಮೇಲೇ ಇರುತ್ತೆ. ಹಳೇ ಮಷೀನ್ ತಗೊಳ್ಳೋರು ದುಡ್ಡು ಎಣಿಸೋ ಮುಂಚೆ ನಿಮ್ಮ ಮೊಬೈಲ್‌ನ ಹಾಟ್‌ಸ್ಪಾಟ್ ಕೊಟ್ಟು, ಅದರ ಆನ್‌ಲೈನ್ ಅಂಗಡಿ ತೆರೆಯುತ್ತಾ ಅಂತ ನೋಡಿ. ಫ್ಯಾನ್ ಕ್ಲೀನಿಂಗ್‌ಗೆ ಕೊಡೋದಾದರೂ ಡಿಸ್ಕ್‌ನ ಸೀರಿಯಲ್ ನಂಬರ್ ಫೋಟೋ ತೆಗೆದಿಟ್ಟುಕೊಳ್ಳಿ, ಬಿಲ್ ಕೇಳಿ. ಬಿಲ್ ಕೊಡಲ್ಲ ಅಂದರೆ ಎದ್ದು ಬನ್ನಿ.

ನಾನು ಹೊಸ ಡಿಸ್ಕ್ ತಂದು, ಸೋನಿಯವರದೇ ಸಾಫ್ಟ್‌ವೇರ್ ಇಳಿಸಿ ಹಾಕಿದೆ. ಬ್ಯಾನ್ ಆಗಿರಲಿಲ್ಲ, ನನ್ನ ಪುಣ್ಯ. ಏಳೂ ಗೇಮ್ ವಾಪಸ್ ಬಂದವು. ಹಳೇ ಸೇವ್‌ಗಳು, ಅಂದರೆ ಎಲ್ಲಿವರೆಗೆ ಆಡಿದ್ದೆ ಅನ್ನೋ ದಾಖಲೆಗಳು ಮಾತ್ರ ಹೋದವು. ಆ ಪೆನ್‌ಡ್ರೈವ್ ಅಪ್ಪನ ಪಾಲಾಯಿತು. ಅದರಲ್ಲಿ ಭಾವಗೀತೆ ತುಂಬಿಸಿಕೊಂಡು ಕಾರಿನಲ್ಲಿ ಕೇಳ್ತಾ ಓಡಾಡ್ತಾರೆ. ಅದು ಎಲ್ಲಿಂದ ಬಂತು ಅಂತ ಅವರಿಗೆ ನಾನಿನ್ನೂ ಹೇಳಿಲ್ಲ.